ಆ ಒಂದು ಕೆಜಿ

ಡಯಾಲಿಸಿಸ್ ಕೋಣೆಯ ಬಾಗಿಲ ಪಕ್ಕದಲ್ಲೇ ತೂಕದ ಯಂತ್ರವಿದೆ. ನೆಲಕ್ಕೆ ಅಂಟಿಕೊಂಡಂತಿರುವ ಕಬ್ಬಿಣದ ಹಲಗೆ, ಅದಕ್ಕೊಂದು ಕಂಬ, ಕಂಬದ ತುದಿಯಲ್ಲಿ ಕೆಂಪು ಅಂಕಿಗಳು. ಒಳಗೆ ಬರುವವರು ಚಪ್ಪಲಿ ಬಿಟ್ಟು, ಜೇಬಿನಲ್ಲಿದ್ದ ಫೋನು, ಬೀಗದ ಕೈ ತೆಗೆದಿಟ್ಟು ಅದರ ಮೇಲೆ ನಿಲ್ಲಬೇಕು. ಹೊರಗಿನ ಜಗತ್ತಿನಲ್ಲಿ ತೂಕವೆಂದರೆ ಮೈ. ಈ ಕೋಣೆಯಲ್ಲಿ ತೂಕವೆಂದರೆ ನೀರು. ಮೂತ್ರಪಿಂಡ ಕೈಕೊಟ್ಟವರ ಮೈಯಿಂದ ಕುಡಿದ ನೀರು ಹೊರಗೆ ಹೋಗುವುದಿಲ್ಲ; ಮುಂದಿನ ಸರದಿಯವರೆಗೆ ಒಳಗೇ ನಿಂತಿರುತ್ತದೆ. ಅದಕ್ಕಾಗಿ ಡಾಕ್ಟರು ಒಬ್ಬೊಬ್ಬರಿಗೂ ಒಂದು ‘ಒಣ ತೂಕ’ ನಿಗದಿ ಮಾಡಿರುತ್ತಾರೆ. ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಮೈ ತೂಗಬೇಕಾದ ತೂಕ ಅದು. ಬಂದ ದಿನ ಅದಕ್ಕಿಂತ ಎಷ್ಟು ಮೇಲಿದ್ದಾರೋ ಅಷ್ಟನ್ನು ಯಂತ್ರ ನಾಲ್ಕು ಗಂಟೆಯಲ್ಲಿ ರಕ್ತದಿಂದ ಸೋಸಿ ತೆಗೆಯುತ್ತದೆ.

ನಮ್ಮವರು ಆ ಹಲಗೆಯ ಮೇಲೆ ನಿಲ್ಲುವ ಠೀವಿಯೇ ಬೇರೆ. ಕೆಲಸದಲ್ಲಿದ್ದಷ್ಟು ಕಾಲವೂ ಬಸ್ಸು ಓಡಿಸಿದವರು. ಒಂದು ದಿನವೂ ಗಾಡಿಗೆ ಗೀರು ಬೀಳಿಸಿದವರಲ್ಲ. ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಎಳೆದು ನೇರ ಮಾಡಿ, ಎದೆ ಮುಂದಕ್ಕೆ ತಂದು, ದಾರಿ ನೋಡುವ ಹಾಗೆ ಎದುರಿನ ಗೋಡೆ ನೋಡುತ್ತಾ ನಿಲ್ಲುತ್ತಾರೆ. ಅಂಕಿ ನೋಡುವ ಕೆಲಸ ನನ್ನದು.

“ಅಂಕಲ್, ಮೂರು ಕೆಜಿ ಮೇಲಿದ್ದೀರ,” ಎಂದರು ಸಿಸ್ಟರ್. ಬೆಳಗಿನ ಸರದಿಯ ಹಿರಿಯ ನರ್ಸ್ ಅವರು. “ಮೊದಲೆಲ್ಲ ಎರಡರೊಳಗೇ ಬರ್ತಿದ್ರಿ. ಲೋಟ ಚಿಕ್ಕದು ಮಾಡ್ಕೊಳ್ಳಿ ಅಂದೆ. ಮಾಡ್ಕೊಂಡ ಮೇಲೂ ಮೂರಾ?”

“ಲೋಟ ಚಿಕ್ಕದೇ ಸಿಸ್ಟರ್. ಇನ್ನೂ ಚಿಕ್ಕದು ಮಾಡಿದ್ರೆ ಕಣ್ಣಿಗೆ ಹಾಕೋ ಔಷಧಿ ಬಾಟ್ಲೀಲಿ ಕುಡೀಬೇಕಾಗುತ್ತೆ.”

“ತಮಾಷೆ ಬೇಡ. ಎಲ್ಲಿ ಕುಡೀತಿದ್ದೀರ, ಹೇಳಿಬಿಡಿ. ಬಚ್ಚಲುಮನೇಲಾ?”

ನಾನು ಮುಂದೆ ಬಂದೆ. “ಇಲ್ಲ ಸಿಸ್ಟರ್. ನಾನೇ ಅಳೆದು ಕೊಡೋದು. ಐಸ್ ತುಂಡನ್ನೂ ಬಿಡದೆ ಲೆಕ್ಕ ಹಿಡೀತೀನಿ. ಅವರು ಬಾಯಿ ಮುಕ್ಕಳಿಸೋವಾಗ್ಲೂ ಬಾಗಿಲ ಹತ್ರಾನೇ ನಿಂತಿರ್ತೀನಿ.”

“ಎಲ್ಲಾ ಹೆಂಡ್ತೀರೂ ಇದನ್ನೇ ಹೇಳ್ತಾರೆ ಆಂಟಿ,” ಎಂದರು ಅವರು, ಕನಿಕರದಿಂದಲೇ. “ನಿಮ್ಮ ತಪ್ಪಲ್ಲ. ಬಾಯಾರಿದೋರಿಗೆ ಸಾವಿರ ದಾರಿ.”

ಪಕ್ಕದ ಹಾಸಿಗೆಯ ದರ್ಜಿ ಆಗಲೇ ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದರು. ಕೈ ಕಟ್ಟಿಹಾಕಿದರೂ ಅವರ ಬಾಯಿ ಕಟ್ಟಿಹಾಕಿದವರು ಇನ್ನೂ ಹುಟ್ಟಿಲ್ಲ. “ಡ್ರೈವರಣ್ಣ, ರೇಡಿಯೇಟರಿಗೆ ಅಂತ ಒಯ್ತಿದ್ದ ನೀರು ಎಲ್ಲಿ ಹೋಗ್ತಿತ್ತು ಅನ್ನೋದು ಈಗ ಗೊತ್ತಾಯ್ತು ಬಿಡಿ,” ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

ನಮ್ಮವರು ತಿರುಗಿ ನೋಡಿದರು. ಹಿಂದೆ ಇನ್ನೂ ಇಬ್ಬರು ತೂಕಕ್ಕೆ ಕಾಯುತ್ತಿದ್ದರು. ಒಬ್ಬರು ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು.

“ಆಯ್ತು ಸಿಸ್ಟರ್, ಕುಡಿದೆ,” ಎಂದುಬಿಟ್ಟರು. “ತಪ್ಪಾಯ್ತು. ಇನ್ಮೇಲೆ ನೋಡ್ಕೋತೀನಿ.”

ಈ ಮನುಷ್ಯ ಹನಿ ನೀರು ಹೆಚ್ಚಿಗೆ ಕುಡಿದಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡಬಲ್ಲೆ. ನನ್ನ ಕಣ್ಣು ತಪ್ಪಿಸುವುದು ಸುಲಭವಲ್ಲ. ಅಚ್ಚಿನ ಮನೆಯಲ್ಲಿ ಕರಡು ತಿದ್ದುವವಳು ನಾನು. ಅಲ್ಲಿ ಒಂದು ಕೊಂಬು ತಪ್ಪಿದ್ದರೂ ಮನೆಗೆ ಬಂದ ಮೇಲೂ ಅದೇ ಚಿಂತೆ. ಹಾಗಿರುವಾಗ ಒಂದು ಕೆಜಿ ನೀರು ನನ್ನ ಕಣ್ಣೆದುರು ಹಾದು ಹೋಗಲು ಸಾಧ್ಯವೇ? ಆದರೆ ಆಪಾದನೆ ಹೊತ್ತವರೇ ಒಪ್ಪಿಕೊಂಡ ಮೇಲೆ ಸಾಕ್ಷಿಯ ಮಾತಿಗೇನು ಬೆಲೆ. ಸಿಸ್ಟರ್ ತಲೆಯಾಡಿಸಿ, ಮೂರೂ ಕೆಜಿ ತೆಗೆಯುವಂತೆ ಯಂತ್ರಕ್ಕೆ ಹೇಳಿದರು.

ಮೊದಲೆರಡು ಗಂಟೆ ಏನೂ ಆಗಲಿಲ್ಲ. ದರ್ಜಿಯೂ ನಮ್ಮವರೂ ಹಳೆಯ ಕಾಲದ ಕಾಲರುಗಳ ಬಗ್ಗೆ, ಹಳೆಯ ಕಾಲದ ಗೇರುಗಳ ಬಗ್ಗೆ ಮಾತಾಡಿಕೊಂಡರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಕರಡು ನೋಡುತ್ತಿದ್ದೆ. ಒಂದು ಸಾಲು ಕರಡು, ಒಂದು ಸಲ ಅವರ ಮುಖ. ಇದು ನನ್ನ ಓದುವ ಕ್ರಮ.

ಕೊನೆಯ ಗಂಟೆಯಲ್ಲಿ ಅವರು ಆಕಳಿಸಿದರು.

ಆಕಳಿಕೆಗೆ ಜನ ಹೆದರುವ ಜಾಗ ಬೇರೆಲ್ಲಿಯಾದರೂ ಇದೆಯೋ ನನಗೆ ತಿಳಿಯದು. ರಕ್ತದೊತ್ತಡ ಕುಸಿಯುವ ಮುಂಚೆ ಮೈ ಕಳಿಸುವ ಮೊದಲ ಸುದ್ದಿ ಅದು. ನಾನು ಕರಡು ಮಡಿಚಿಟ್ಟೆ. ಇನ್ನೊಂದು ಆಕಳಿಕೆ ಬಂತು. ದರ್ಜಿ ಏನೋ ಕೇಳಿದರು. ನಮ್ಮವರು ಉತ್ತರ ಕೊಡಲಿಲ್ಲ. ಮಾತಿಗೆ ಮಾತು ಸೇರಿಸದೆ ಅವರು ಸುಮ್ಮನಾದರೆ ಅದು ಸಹಜವಲ್ಲ.

“ಸಿಸ್ಟರ್,” ಎಂದೆ.

ಅವರು ಬರುವಷ್ಟರಲ್ಲಿ ಮೀನಖಂಡ ಸೆಟೆದು ಕಲ್ಲಾಗಿತ್ತು. ನಮ್ಮವರ ಮುಖ ಹಿಂಡಿ ಒಣಹಾಕಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಹಣೆಯಲ್ಲಿ ಬೆವರು. ಕಣ್ಣುಗಳು ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದವು.

ಸಿಸ್ಟರ ಕೈಗಳನ್ನು ನಾನು ಆಗ ನೋಡಿದೆ. ಒಂದು ಕೈ ನೀರು ಎಳೆಯುವುದನ್ನು ನಿಲ್ಲಿಸಿತು, ಇನ್ನೊಂದು ಹಾಸಿಗೆಯ ತಲೆಭಾಗ ಇಳಿಸಿ ಕಾಲುಭಾಗ ಎತ್ತಿತು, ಮೊದಲ ಕೈ ಮತ್ತೆ ಮೇಲೆ ಹೋಗಿ ಸಲೈನ್ ನಳಿಕೆ ಬಿಚ್ಚಿತು. ಎಲ್ಲೂ ಅವಸರವಿಲ್ಲ, ಎಲ್ಲೂ ತಡವಿಲ್ಲ. ಬೆಳಿಗ್ಗೆ ಅವರ ಮೇಲೆ ನನಗೆ ಬಂದಿದ್ದ ಸಿಟ್ಟು ಆ ಕೈಗಳನ್ನು ನೋಡಿ ತಲೆ ತಗ್ಗಿಸಿತು.

“ಅಂಕಲ್, ಇಲ್ಲಿ ನೋಡಿ, ನನ್ನ ಕಡೆ. ಯಾವ ರೂಟ್ ಓಡಿಸ್ತಿದ್ರಿ, ಹೇಳಿ.”

ತುಟಿ ಅಲುಗಿತು. ಶಬ್ದ ಬರಲಿಲ್ಲ. ಸಲೈನ್ ಇನ್ನಷ್ಟು ಇಳಿಯಿತು. ಸಿಸ್ಟರ್ ಮತ್ತೆ ಅದನ್ನೇ ಕೇಳಿದರು.

“ಎಲ್ಲಾ ರೂಟೂ,” ಎಂದರು ನಮ್ಮವರು.

ತೆಗೆಯಬೇಕಿದ್ದದ್ದರಲ್ಲಿ ಕೊನೆಯ ಒಂದು ಕೆಜಿ ಆ ದಿನ ಹಾಗೇ ಉಳಿಯಿತು. ಆಮೇಲೆ ಡಾಕ್ಟರು ಬಂದರು. ಮಾತಿಗೆ ಮುಂಚೆ ಕನ್ನಡಕ ಒರೆಸಿಕೊಳ್ಳುವ, ಮೆಲುದನಿಯ ಹಿರಿಯರು. ಈ ತಿಂಗಳಲ್ಲಿ ಹೀಗಾಗುತ್ತಿರುವುದು ಇದೇ ಮೊದಲಲ್ಲ, ಪ್ರತಿ ಸಲ ಒತ್ತಡ ಕುಸಿದಾಗಲೂ ಹೃದಯಕ್ಕೆ ಪೆಟ್ಟು ಬೀಳುತ್ತದೆ, ಹೀಗೇ ಮುಂದುವರಿದರೆ ಈ ಚಿಕ್ಕ ಘಟಕದಲ್ಲಿ ಇಟ್ಟುಕೊಳ್ಳುವುದು ಕ್ಷೇಮವಲ್ಲ, ದೊಡ್ಡ ಆಸ್ಪತ್ರೆಯ ತುರ್ತು ವಾರ್ಡಿಗೆ ಸೇರಿಸಿ ಅಲ್ಲಿಯೇ ಮಾಡಿಸಬೇಕಾಗುತ್ತದೆ ಎಂದರು. ಕೊನೆಗೆ, “ನೀರಿನ ಬಗ್ಗೆ ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಳ್ಳಿ,” ಎಂದು ನಮ್ಮವರ ಭುಜ ತಟ್ಟಿ ಹೋದರು. ಅವರಿಗೂ ಬೆಳಗಿನ ತಪ್ಪೊಪ್ಪಿಗೆಯ ಸುದ್ದಿ ತಲುಪಿತ್ತು.

ಮನೆಗೆ ಬಂದು ಅವರನ್ನು ಮಲಗಿಸಿ, ಎದ್ದ ಮೇಲೆ ಕೇಳಿದೆ. “ಕುಡೀದೇ ಇರೋದನ್ನ ಕುಡಿದೆ ಅಂತ ಯಾಕ್ರೀ ಒಪ್ಕೊಂಡ್ರಿ?”

“ಹಿಂದೆ ಜನ ನಿಂತಿದ್ರು ಕಣೇ. ಆ ಊರುಗೋಲಿನೋರನ್ನ ನೋಡಿದ್ಯಲ್ಲ. ವಾದ ಮಾಡ್ತಾ ನಿಂತ್ರೆ ಗಾಡಿ ಹೊರಡೋದು ಯಾವಾಗ? ಸರ್ವೀಸಲ್ಲಿದ್ದಾಗ ಸೀಟಿನ ಜಗಳ, ಬಾಗಿಲ ಜಗಳ ಎಲ್ಲದಕ್ಕೂ ನಾನೇ ತಪ್ಪಾಯ್ತು ಅಂದುಬಿಡ್ತಿದ್ದೆ. ಬಸ್ ಟೈಮಿಗೆ ತಲುಪ್ತಿತ್ತು.”

“ಇದು ಬಸ್ಸಲ್ಲ.”

“ಕೂತ್ಕೊಂಡು ನೋಡಿದ್ರೆ ಎಲ್ಲಾನೂ ಬಸ್ಸೇ.”

“ಅವರು ನಿಮ್ಮ ಮಾತು ನಂಬಿದ್ರು ರೀ. ನಂಬಿ ಅಷ್ಟನ್ನೂ ಎಳೆಯೋಕೆ ಹೋದ್ರು. ನಿಮ್ಮ ದೊಡ್ಡತನ ಇವತ್ತು ನಿಮ್ಮನ್ನೇ ತಿಂತಿತ್ತು.”

ನಾನು ಊಟಕ್ಕೆ ತಟ್ಟೆ ಇಟ್ಟೆ. ಅದನ್ನು ಅವರು ಮೆಲ್ಲಗೆ, ಮರ್ಯಾದೆಯಿಂದಲೇ, ನನ್ನ ಕಡೆಗೆ ಸರಿಸಿದರು.

“ಬೇಡ. ಇವತ್ತಿಂದ ಅರ್ಧ ಊಟ. ನೀರಂತೂ ಇಳಿಸಿ ಆಯ್ತು, ಊಟಾನೂ ಇಳಿಸಿದ್ರೆ ಆ ಒಂದು ಕೆಜಿ ತಾನಾಗೇ ಹೋಗುತ್ತೆ. ಆಮೇಲೆ ಯಾರ ಬಾಯಿಂದಾನೂ ಮಾತು ಕೇಳೋದು ಬೇಡ, ದೊಡ್ಡಾಸ್ಪತ್ರೆಗೆ ಹೋಗೋದೂ ಬೇಡ.”

ಡಾಕ್ಟರ ಮಾತಿಗಿಂತ ಈ ಮಾತಿಗೆ ನನ್ನ ಜೀವ ಹೆಚ್ಚು ಹಾರಿತು.

ಯಾಕೆಂದರೆ ಆ ತಟ್ಟೆಗೆ ಅವರನ್ನು ಮರಳಿ ಕರೆತರಲು ನಾನು ಪಟ್ಟ ಪಾಡು ನನಗೇ ಗೊತ್ತು. ಕಾಯಿಲೆ ಶುರುವಾದಾಗ ಅವರಿಗೆ ಎಲ್ಲದರಲ್ಲೂ ತುಕ್ಕಿನ ವಾಸನೆ. ಎರಡು ತುತ್ತಿಗೆ ಕೈ ತೊಳೆಯುತ್ತಿದ್ದರು. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ಮೈಮೇಲೆ ತೂಗುತ್ತಿತ್ತು. ಪಥ್ಯದವರು ಹೇಳಿದ್ದನ್ನೆಲ್ಲ ನಾನು ಕಲಿತೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ಒಗ್ಗರಣೆ ಕೊಡುವುದು. ಉಪ್ಪು ಇಲ್ಲದ್ದು ನಾಲಿಗೆಗೆ ತಿಳಿಯದಂತೆ ಹುಳಿ, ಬೆಳ್ಳುಳ್ಳಿ, ಮೆಣಸು ಹೊಂದಿಸುವುದು. ಮೊಟ್ಟೆಯ ಬಿಳಿಯನ್ನು ಹತ್ತು ವೇಷದಲ್ಲಿ ಬಡಿಸುವುದು. ಮೊದಲು ಅವರು ನನ್ನ ಮುಖ ನೋಡಿ ತಿಂದರು, ಆಮೇಲೆ ತಟ್ಟೆ ನೋಡಿ ತಿಂದರು. ಈ ಕೆಲವು ತಿಂಗಳಿಂದೀಚೆಗೆ ಅಡುಗೆಮನೆಯ ಬಾಗಿಲಿಗೇ ಬಂದು ನಿಂತು, “ಏನು ವಾಸನೆ ಅದು?” ಎನ್ನುತ್ತಿದ್ದರು. ಮೊದಲ ಸಲ ಅವರು ಇನ್ನೊಂದು ಸೌಟು ಕೇಳಿದ ದಿನ, ಬಡಿಸಿ ಒಳಗೆ ಹೋಗಿ, ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ. ಮಕ್ಕಳು ಪದಕ ತಂದ ಮನೆಗಳಲ್ಲಿ ತಾಯಂದಿರು ಹೇಗೆ ನಿಲ್ಲುತ್ತಾರೋ ಹಾಗೆ.

ಅಂಥ ತಟ್ಟೆ ಈಗ ನನ್ನ ಕಡೆಗೆ ಸರಿದು ಬಂದಿತ್ತು.

ಸಂಜೆ ಅವರ ಕಾಲುಚೀಲ ತೆಗೆಯಲು ಕೂತೆ. ಸೆಟೆದಿದ್ದ ಮೀನಖಂಡ ಇನ್ನೂ ನೋಯುತ್ತಿತ್ತು, ಬಗ್ಗಲು ಅವರಿಗೆ ಆಗುತ್ತಿರಲಿಲ್ಲ. ಚೀಲ ಎಳೆದ ಮೇಲೆ ಏನೋ ಇರಬೇಕಾದದ್ದು ಇಲ್ಲವಲ್ಲ ಅನ್ನಿಸಿತು. ಅಕ್ಷರ ಬಿಟ್ಟುಹೋದ ಸಾಲಿನಲ್ಲಿ ನನಗೆ ಆಗುವ ಕಸಿವಿಸಿಯೇ ಅದು. ಮತ್ತೆ ನೋಡಿದೆ. ಕಾಲುಚೀಲದ ಅಚ್ಚು ಇರಲಿಲ್ಲ.

ಮೈಯಲ್ಲಿ ನೀರು ನಿಂತರೆ ಅದು ಮೊದಲು ಕಾಲಿಗಿಳಿಯುತ್ತದೆ. ಕಾಯಿಲೆಯ ಆರಂಭದಲ್ಲಿ ಚೀಲದ ಪಟ್ಟಿ ಅವರ ಕಾಲಲ್ಲಿ ಹಗ್ಗ ಕಟ್ಟಿದ ಹಾಗೆ ಕಚ್ಚುತ್ತಿತ್ತು. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಎಷ್ಟೋ ಹೊತ್ತು ಹಾಗೇ ಇರುತ್ತಿತ್ತು. ಈಗ ಒತ್ತಿ ನೋಡಿದೆ. ಗುಳಿಯಿಲ್ಲ. ಒಂದು ಕೆಜಿ ನೀರು ಉಳಿದಿದೆ ಎಂದು ಎಲ್ಲರೂ ಹೇಳುವ ಕಾಲಿನಲ್ಲಿ ನೀರೇ ಇಲ್ಲ. ಹಾಗಾದರೆ ಆ ತೂಕ ಎಲ್ಲಿದೆ?

ತಲೆಯೆತ್ತಿ ನೋಡಿದೆ. ಅವರು ಗೋಡೆಗೊರಗಿ ಕೂತಿದ್ದರು. ಅಂಗಿಯ ಭುಜದ ಹೊಲಿಗೆ ಸರಿಯಾಗಿ ಭುಜದ ಮೇಲೇ ಇತ್ತು. ಮೊದಲು ತೋಳಿನವರೆಗೆ ಜಾರಿರುತ್ತಿತ್ತು. ಕೆನ್ನೆಯ ಗುಳಿ ತುಂಬಿತ್ತು. ತೋಳನ್ನು ಹಿಡಿದು ಹಿಂಡಿದೆ. ಗಟ್ಟಿ.

“ಏನೇ ಇದು, ಸಂತೇಲಿ ಬದನೆಕಾಯಿ ನೋಡೋ ಹಾಗೆ?”

“ರೀ, ಆ ಒಂದು ಕೆಜಿ ನೀರಲ್ಲ. ನಿಮಗೆ ಮೈ ಬಂದಿದೆ.”

ಹೇಳಿದ ಮೇಲೆ ನನಗೇ ಬೆರಗಾಯಿತು. ಊಟ ಮಾಡಿದ ಮನುಷ್ಯನಿಗೆ ಮೈ ಬರುತ್ತದೆ. ಇದು ಯಾವ ಊರಿನ ಯಾವ ಅಜ್ಜಿಗೂ ಗೊತ್ತಿರುವ ವಿಷಯ. ಆದರೆ ಆ ಕೋಣೆಯಲ್ಲಿ ತೂಕವೆಂದರೆ ನೀರು ಎಂಬುದನ್ನು ನಾವೆಲ್ಲರೂ ಎಷ್ಟು ಚೆನ್ನಾಗಿ ಕಲಿತಿದ್ದೆವೆಂದರೆ, ನನ್ನ ಕೈಯಾರೆ ಬಡಿಸಿದ ಅನ್ನ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಒಣ ತೂಕ ಅವರು ಬಡಕಲಾಗಿದ್ದಾಗ ನಿಗದಿಯಾದದ್ದು. ಈಗ ಯಂತ್ರ ಆ ಹಳೆಯ ಬಡಕಲು ಮನುಷ್ಯನನ್ನು ಹುಡುಕುತ್ತಾ, ಇಲ್ಲದ ನೀರನ್ನು ಈ ಹೊಸ ಮನುಷ್ಯನ ರಕ್ತದಿಂದ ಎಳೆಯುತ್ತಿತ್ತು.

“ಅಂದ್ರೆ ನಾನು ನಿರಪರಾಧಿ,” ಎಂದರು ಅವರು ನಿಧಾನವಾಗಿ. “ಅಪರಾಧಿ ನೀನು.”

“ನಾನು ಒಪ್ಕೋತೀನಿ. ನಂದು ನಿಜವಾದ ಒಪ್ಪಿಗೆ.”

“ಡಾಕ್ಟರಿಗೆ ಹೇಳೋರು ಯಾರು? ಹಾಲು ಒಡೆದಿತ್ತು ಅಂತ ಅಂಗಡಿಯವನಿಗೆ ಹೇಳೋಕೂ ನನ್ನನ್ನೇ ಕಳಿಸ್ತಿದ್ದೆಯಲ್ಲ ನೀನು.”

ಅದು ನಿಜ. ಆದರೂ ನಾನೇ ಹೇಳುತ್ತೇನೆ ಎಂದೆ. ಅಲ್ಲಿಯವರೆಗಾದರೂ ಹೊಟ್ಟೆ ತುಂಬ ಉಣ್ಣಿ ಎಂದೆ. ಸಾಬೀತಾಗಲಿ, ಆಮೇಲೆ ನೋಡೋಣ ಎಂದು ಅವರು ಅರ್ಧವನ್ನೇ ಉಂಡರು. ಅದರ ಮರುದಿನವೂ ಅರ್ಧವನ್ನೇ. ಉಳಿದರ್ಧವನ್ನು ಪಾತ್ರೆಗೆ ಮರಳಿ ಹಾಕಿದೆ. ನನ್ನ ಮಾತು ಅಲ್ಲಿ ನಿಲ್ಲದಿದ್ದರೆ ಬಂದ ಮೈ ನನ್ನ ಕಣ್ಣೆದುರೇ ಕರಗುತ್ತದೆ. ಅದಕ್ಕೂ ಮುಂಚೆ ಆ ಯಂತ್ರ ಇನ್ನೊಂದು ಸಲ ಅವರನ್ನು ಕೆಡವಬಹುದು.

ಮುಂದಿನ ಸರದಿಯ ದಿನ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಾ ಹೋದೆ. ತೂಕದ ಹಲಗೆಯ ಮೇಲೆ ಮತ್ತೆ ಹೆಚ್ಚೂಕಡಿಮೆ ಮೂರು ಕೆಜಿಯೇ ಬಂತು. ಸಿಸ್ಟರ್ ಬಾಯಿ ತೆರೆಯುವ ಮುಂಚೆ, ಪಕ್ಕದ ಹಾಸಿಗೆಯ ಬಳಿ ಇದ್ದ ಡಾಕ್ಟರ ಮುಂದೆ ಹೋಗಿ ನಿಂತೆ.

“ಸರ್, ಇವರ ಕಾಲಲ್ಲಿ ಬಾವು ಇಲ್ಲ. ಕೆಲವು ತಿಂಗಳಿಂದ ಊಟ ಮೊದಲಿಗಿಂತ ಎರಡರಷ್ಟಾಗಿದೆ. ಹೆಚ್ಚಾಗಿರೋದು ಮೈಯಾ ನೀರಾ ಅಂತ ದಯವಿಟ್ಟು ಒಂದ್ಸಲ ನೋಡಿ.”

ಧ್ವನಿ ಒಂದೆರಡು ಕಡೆ ಒಡೆಯಿತು, ವಾಕ್ಯ ಒಡೆಯಲಿಲ್ಲ.

“ಆದ್ರೆ ಅಂಕಲ್ ತಾವೇ ಒಪ್ಕೊಂಡ್ರಲ್ಲ,” ಎಂದರು ಸಿಸ್ಟರ್.

ಎಲ್ಲರೂ ನಮ್ಮವರ ಕಡೆ ತಿರುಗಿದರು. ಅವರು ಇನ್ನೂ ಹಲಗೆಯ ಮೇಲೇ ನಿಂತಿದ್ದರು. “ಅದು ಸುಳ್ಳು ಸಿಸ್ಟರ್. ನಾನು ಕುಡಿದಿರಲಿಲ್ಲ.”

ಸಿಸ್ಟರ್ ಕೈಯಲ್ಲಿದ್ದ ಚಾರ್ಟನ್ನು ಕೆಳಗಿಟ್ಟರು. “ಕುಡಿದು ಕುಡಿದಿಲ್ಲ ಅನ್ನೋರನ್ನ ದಿನಾ ನೋಡ್ತೀನಿ. ಕುಡೀದೇ ಕುಡಿದೆ ಅಂತ ಸುಳ್ಳು ಹೇಳಿದೋರು ನನ್ನ ಸರ್ವೀಸಲ್ಲಿ ನೀವೇ ಮೊದಲು. ನಾನು ನಿಮ್ಮ ಮಾತಿನ ಮೇಲೆ ಮೆಷಿನ್ ಸೆಟ್ ಮಾಡ್ತೀನಿ ಅಂಕಲ್. ಇನ್ನೊಂದ್ಸಲ ನನಗೆ ಉಪಕಾರ ಮಾಡೋಕೆ ಹೋಗ್ಬೇಡಿ.”

ನಮ್ಮವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಕಡಿಮೆ. ಅಂದು ತಗ್ಗಿಸಿದರು.

ಡಾಕ್ಟರು ಕಾಲು ಒತ್ತಿ ನೋಡಿದರು, ಕುತ್ತಿಗೆಯ ನರ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಉಸಿರು ಕೇಳಿದರು. ಏನೇನು ತಿನ್ನುತ್ತಾರೆ ಎಂದು ನನ್ನನ್ನು ವಿಚಾರಿಸಿದರು. “ನೀವು ಹೇಳೋದು ಸರಿ ಇರಬಹುದು. ಆದ್ರೆ ಕೈಗೆ ಸಿಗದ ಹಾಗೆ ಅಡಗಿರೋ ನೀರೂ ಇರುತ್ತಮ್ಮ. ಬರೀ ಊಹೆ ಮೇಲೆ ಒಣ ತೂಕ ಏರಿಸಿದ್ರೆ, ನಾಳೆ ಅದು ಶ್ವಾಸಕೋಶಕ್ಕೆ ಬಂದ್ರೆ ಕಷ್ಟ. ರಕ್ತವನ್ನೇ ಕೇಳೋಣ. ಮೂಲೆಯಲ್ಲಿರೋ ಮೆಷಿನ್ ಖಾಲಿ ಇದೆಯಾ?”

“ಇದೆ ಸರ್. ನಾನೇ ನೋಡ್ಕೋತೀನಿ,” ಎಂದರು ಸಿಸ್ಟರ್.

ಮೂಲೆಯ ಯಂತ್ರಕ್ಕೆ ಉಳಿದವುಗಳಿಗಿಲ್ಲದ ಒಂದು ಕಣ್ಣಿದೆ. ರಕ್ತ ಹರಿದು ಬರುವ ನಳಿಕೆಗೆ ಕಚ್ಚಿಸಿದ ಪುಟ್ಟ ಕ್ಲಿಪ್ಪು. ಅದು ನಳಿಕೆಯ ಮೂಲಕ ಬೆಳಕು ಹಾಯಿಸಿ, ರಕ್ತ ಎಷ್ಟು ಗಟ್ಟಿಯಾಗುತ್ತಾ ಬಂತು ಎಂಬುದರಿಂದ ಮೈಯಲ್ಲಿ ಹರಿಯುವ ರಕ್ತದ ಪ್ರಮಾಣ ಎಷ್ಟು ಇಳಿಯಿತು ಎಂದು ತಿಳಿಯುತ್ತದೆ, ಪರದೆಯ ಮೇಲೆ ಒಂದು ಗೆರೆ ಎಳೆಯುತ್ತಾ ಹೋಗುತ್ತದೆ. ಸೂಜಿ ಚುಚ್ಚಿ, ನಳಿಕೆ ಜೋಡಿಸಿ, ಕುರ್ಚಿ ಎಳೆದುಕೊಂಡು ಕೂತ ಸಿಸ್ಟರ್ ನಮಗೆ ಅದನ್ನು ಬಿಡಿಸಿ ಹೇಳಿದರು.

“ಬಾವಿಯಿಂದ ನೀರು ಸೇದ್ತೀವಿ ಅಂದ್ಕೊಳ್ಳಿ. ಒರತೆ ಚೆನ್ನಾಗಿದ್ರೆ ಸೇದಿದಷ್ಟೂ ಪಕ್ಕದ ಮಣ್ಣಿಂದ ಜಿನುಗಿ ಬಂದು ತುಂಬ್ಕೊಳ್ಳುತ್ತೆ, ಮಟ್ಟ ಅಷ್ಟೇನೂ ಇಳಿಯಲ್ಲ. ಹಾಗೇ ಮೈಯಲ್ಲಿ ನೀರು ನಿಂತಿದ್ರೆ, ನಾವು ರಕ್ತದಿಂದ ತೆಗೆದಷ್ಟೂ ಅಲ್ಲಿಂದ ಬಂದು ಸೇರುತ್ತೆ, ಗೆರೆ ಮೆಲ್ಲಗೆ ಇಳಿಯುತ್ತೆ. ಒರತೆ ಬತ್ತಿದ ಮೇಲೂ ಸೇದ್ತಾ ಹೋದ್ರೆ ಮಟ್ಟ ಸರ್ರನೆ ಇಳಿಯುತ್ತೆ. ಆಗ್ಲೇ ಬಿಪಿ ಬೀಳೋದು.”

“ಗುಡ್ಡ ಇಳಿದ ಹಾಗೆ,” ಎಂದರು ನಮ್ಮವರು. “ಗೇರಲ್ಲಿ ಇಳಿಸಬೇಕು. ನ್ಯೂಟ್ರಲ್ ಹಾಕಿದೋನು ಕೆಟ್ಟ.”

“ಹೂಂ. ಇವತ್ತು ಸ್ಟೇರಿಂಗ್ ನನ್ನ ಕೈಲಿ. ನೀವು ಪ್ಯಾಸೆಂಜರ್.”

“ಟಿಕೆಟ್ ತಗೊಂಡಿದ್ದಾರಾ ಕೇಳಿ ಸಿಸ್ಟರ್,” ಎಂದರು ದೂರದ ಹಾಸಿಗೆಯಿಂದ ದರ್ಜಿ. ಅವರ ಪಕ್ಕ ಬಿಟ್ಟು ನಾವು ಮೂಲೆಗೆ ಹೋದದ್ದು ಅವರಿಗೆ ಬೇಸರವಾಗಿತ್ತು.

ಗೆರೆ ಹೊರಟಿತು. ಅಷ್ಟು ಏಕಾಗ್ರತೆಯಿಂದ ನಾನು ಯಾವ ಪುಟವನ್ನೂ ಓದಿಲ್ಲ. ಪರದೆಯ ಎಡದ ಮೇಲ್ತುದಿಯಿಂದ ಅದು ಹೊರಟು, ಗದ್ದೆಯ ಬದುವಿನ ಹಾಗೆ ಸ್ವಲ್ಪವೇ ಓರೆಯಾಗಿ ಇಳಿಯುತ್ತಿತ್ತು. ಮೊದಲ ಗಂಟೆ ಹಾಗೇ ಹೋಯಿತು. ಎರಡನೆಯದೂ ಹಾಗೇ. ಒರತೆ ಇದೆ. ನೀರಿದೆ. ನನ್ನ ಎದೆಯೊಳಗೆ ಸಣ್ಣ ಅನುಮಾನವೊಂದು ತಲೆಯೆತ್ತಿತು: ನಾನೇ ತಪ್ಪಿದ್ದರೆ? ಎಲ್ಲರೆದುರು ನಿಂತು ಆಡಿದ ಮಾತು ಸುಳ್ಳಾದರೆ ನಮ್ಮವರ ತಟ್ಟೆ ಮುಂದೆಂದೂ ಅರ್ಧಕ್ಕಿಂತ ಮೇಲೇರುವುದಿಲ್ಲ. ಸಿಸ್ಟರ್ ಆಗಾಗ ರಕ್ತದೊತ್ತಡ ನೋಡಿದರು. ಸರಿಯಾಗಿಯೇ ಇತ್ತು.

ಎರಡು ಕೆಜಿಗೆ ಹತ್ತಿರ ಬಂದಾಗ ಗೆರೆ ಬಾಗಿತು.

ಮೊದಲು ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಬರಲಿಲ್ಲ. ಬದುವಿನ ಹಾಗಿದ್ದದ್ದು ಮೆಟ್ಟಿಲಿನ ಹಾಗೆ ಕಡಿದಾಯಿತು. ನಮ್ಮವರ ಮುಖ ನೋಡಿದೆ. ಬೆವರಿಲ್ಲ, ಆಕಳಿಕೆಯಿಲ್ಲ, ದರ್ಜಿಗೆ ಕೇಳುವಂತೆ ಗಂಟಲೆತ್ತಿ ಹಳೆಯ ಕಂಡಕ್ಟರೊಬ್ಬರ ಕಥೆ ಹೇಳುತ್ತಿದ್ದರು. ಪಟ್ಟಿ ಕಟ್ಟಿ ನೋಡಿದರೆ ಒತ್ತಡವೂ ಸರಿ. ಮೈಗೆ ಇನ್ನೂ ಸುದ್ದಿ ತಲುಪಿರಲಿಲ್ಲ. ಗೆರೆಗೆ ತಲುಪಿತ್ತು.

ಸಿಸ್ಟರ್ ಅದಕ್ಕೂ ಮುಂಚೆ ನೋಡಿದ್ದರು. ಅವರ ಬೆರಳು ಆಗಲೇ ಗುಂಡಿಯ ಮೇಲಿತ್ತು. ಎಳೆಯುವ ವೇಗವನ್ನು ಅರ್ಧಕ್ಕೆ ಇಳಿಸಿದರು, ಕಾದರು. ಗೆರೆ ಇನ್ನೂ ಇಳಿಯುತ್ತಿತ್ತು. ಇನ್ನಷ್ಟು ಇಳಿಸಿದರು. ಡಾಕ್ಟರನ್ನು ಕರೆದರು. ಡಾಕ್ಟರು ಬಂದು ಹಿಂದೆ ನಿಂತು ನೋಡಿ, ಎಳೆಯುವುದನ್ನೇ ನಿಲ್ಲಿಸಿ, ರಕ್ತ ಶುದ್ಧಿ ಮಾತ್ರ ನಡೆಯಲಿ ಎಂದರು. ಗೆರೆ ತಡವರಿಸಿತು, ನಿಂತಿತು, ಆಮೇಲೆ ನೆಲದ ಹಾಗೆ ಮಟ್ಟಸವಾಯಿತು.

ಯಾರೂ ಕಾಲೆತ್ತಲಿಲ್ಲ, ಯಾರೂ ಸಲೈನ್ ಬಿಚ್ಚಲಿಲ್ಲ. ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದು ಎಷ್ಟು ದೊಡ್ಡ ಕೆಲಸ ಎಂದು ಆ ಕುರ್ಚಿಯಲ್ಲಿ ಕೂತಿದ್ದ ಹೆಂಗಸಿನ ಬೆನ್ನು ನೋಡಿ ತಿಳಿದೆ. ಆ ಬೆನ್ನು ಇಡೀ ಸರದಿಯಲ್ಲಿ ಒಂದು ಸಲವೂ ಕುರ್ಚಿಗೆ ಒರಗಿರಲಿಲ್ಲ.

“ಇನ್ನೂ ಒಂದು ಕೆಜಿ ಎಳೀಬೇಕಿತ್ತು ಲೆಕ್ಕದ ಪ್ರಕಾರ,” ಎಂದರು ಡಾಕ್ಟರು, ಕನ್ನಡಕ ಒರೆಸುತ್ತಾ. “ಇಲ್ಲಿ ಒರತೆ ಮುಗೀತು. ಅದು ನೀರಾಗಿದ್ರೆ ಬಂದು ಸೇರ್ತಿತ್ತು.” ನನ್ನ ಕಡೆ ತಿರುಗಿದರು. “ನಿಮ್ಮ ಕಣ್ಣು ಸರಿ ಇದೆಯಮ್ಮ. ಒಂದೇ ಸಲಕ್ಕೆ ಪೂರ್ತಿ ಏರಿಸಲ್ಲ. ಇವತ್ತು ಅರ್ಧ ಏರಿಸ್ತೀನಿ, ಎದೆಯ ಎಕ್ಸ್‌ರೇ ನೋಡ್ತೀನಿ, ಇನ್ನೆರಡು ಸಲ ಇದೇ ಮೆಷಿನ್ನಲ್ಲಿ ಮಾಡಿ ಉಳಿದರ್ಧ. ದೊಡ್ಡಾಸ್ಪತ್ರೆ ಮಾತು ಸದ್ಯಕ್ಕೆ ಬೇಡ.”

ಅವರು ಹೇಳಿದಂತೆಯೇ ನಡೆಯಿತು. ಎಕ್ಸ್‌ರೇಯಲ್ಲಿ ನೀರಿನ ನೆರಳಿರಲಿಲ್ಲ. ಮುಂದಿನ ಸರದಿಗಳಲ್ಲಿ ಗೆರೆ ಕೊನೆಯವರೆಗೂ ಬದುವಿನ ಹಾಗೇ ಇಳಿಯಿತು. ಕೊನೆಗೊಂದು ಬೆಳಿಗ್ಗೆ, ಸರದಿ ಮುಗಿದ ಮೇಲೆ, ನಮ್ಮವರು ಯಾರ ತೋಳನ್ನೂ ಹಿಡಿಯದೆ ಎದ್ದು ನಿಂತರು. ನಿಂತಾಗಲೂ ಒತ್ತಡ ಬೀಳಲಿಲ್ಲ. ಹಾಸಿಗೆಗಳ ಮೇಲೆ ಗೋಡೆಗೆ ಹಾಕಿದ ಬಿಳಿಯ ಹಲಗೆಯಲ್ಲಿ ಎಲ್ಲರ ಒಣ ತೂಕ ಬರೆದಿರುತ್ತಾರೆ. ಸಿಸ್ಟರ್ ನಮ್ಮವರ ಸಾಲನ್ನು ಅಂಗೈಯಿಂದಲೇ ಒರೆಸಿ, ಪೂರಾ ಒಂದು ಕೆಜಿ ಏರಿಸಿ ಹೊಸ ಅಂಕಿ ಬರೆದರು. ಉಳಿದವರ ಅಂಕಿಗಿಂತ ಸ್ವಲ್ಪ ದೊಡ್ಡದಾಗಿಯೇ ಬರೆದರು ಎಂದು ನನಗನ್ನಿಸಿತು.

“ನೋಡಿ, ಪ್ರಮೋಷನ್,” ಎಂದರು ದರ್ಜಿ. “ಅತ್ತಿಗೆ, ನಮ್ಮನೇಲೂ ಬಂದು ಒಂದು ತಿಂಗಳು ಅಡುಗೆ ಮಾಡಿಕೊಡಿ. ನನ್ನ ಮೈಗೆ ನನ್ನದೇ ಅಳತೆ ಟೇಪು ಎರಡು ಸುತ್ತು ಬರುತ್ತೆ.”

“ಅಂಗಿಗಳನ್ನೆಲ್ಲ ಬಿಚ್ಚಿ ದೊಡ್ಡದು ಮಾಡಬೇಕು. ಆ ಕೆಲಸ ನಿಮಗೇ ಕೊಡ್ತೀನಿ,” ಎಂದರು ನಮ್ಮವರು, ಅಂಗಿಯ ಅಂಚು ಎಳೆದುಕೊಳ್ಳುತ್ತಾ.

ಸರದಿ ಮುಗಿದವರು ಹೊರಡುವ ಮುಂಚೆ ಹೊರಗಿನ ಹಜಾರದ ಉದ್ದ ಮೇಜಿನಲ್ಲಿ ಕೂತು ಊಟ ಮಾಡುತ್ತಾರೆ. ನಾನು ಡಬ್ಬಿ ಬಿಚ್ಚಿದೆ. ಅಕ್ಕಪಕ್ಕದವರು ಡಬ್ಬಿಯೊಳಗೆ ಕಣ್ಣು ಹಾಯಿಸಿದರು. ಹಾಯಿಸಲಿ ಎಂದು ನಾನೂ ಮುಚ್ಚಳವನ್ನು ಪೂರ್ತಿ ಪಕ್ಕಕ್ಕಿಟ್ಟೆ. ನಮ್ಮವರು ಅರ್ಧಕ್ಕೆ ನಿಲ್ಲಿಸದೆ ಉಂಡರು. ತಟ್ಟೆ ಖಾಲಿಯಾದ ಮೇಲೆ ಅದನ್ನು ನನ್ನ ಕಡೆಗೆ ಹಿಡಿದರು. ಇನ್ನೊಂದು ಸೌಟು ಬಡಿಸಿದೆ.

ಸಿಸ್ಟರ್ ಕೈಗವಸು ಕಳಚುತ್ತಾ ಆ ದಾರಿಯಲ್ಲೇ ಬಂದರು. ನಮ್ಮ ಮೇಜಿನ ಬಳಿ ನಿಂತು ಹುಬ್ಬೇರಿಸಿದರು. “ಅಂಕಲ್, ನಿಜ ಹೇಳಿ. ನೀರು ಕದ್ದು ಕುಡಿದ್ರಾ?”

ನಮ್ಮವರು ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು.

“ಇಲ್ಲ ಸಿಸ್ಟರ್. ಹಿಂದೆ ಎಷ್ಟು ಜನ ನಿಂತಿದ್ರೂ ಇಲ್ಲ.”